ಇಲಿಗಳ ಮನೆ, ನಮ್ಮ ಮೂಗು

ಈ ಅಂಕಣಕ್ಕೆ ಬರುವ ಓಲೆಗಳಲ್ಲಿ ಇಲಿಯ ಮಾತು ಹೊಸದಲ್ಲ. ಕಣಜದ ಇಲಿ, ಅಟ್ಟದ ಇಲಿ, ಪುಸ್ತಕದ ಕಪಾಟಿನ ಇಲಿ, ಎಲ್ಲವೂ ನಮ್ಮ ಅಂಚೆಯಲ್ಲಿ ಒಂದಲ್ಲ ಒಂದು ದಿನ ಓಡಾಡಿವೆ. ಆ ಓಲೆಗಳೆಲ್ಲ ಕೇಳುವುದು ಒಂದನ್ನೇ: ಇಲಿಯನ್ನು ಮನೆಯಿಂದ ಹೊರಗೆ ಹಾಕುವುದು ಹೇಗೆ? ಆದರೆ ಈ ಸಲ ಮಲೆನಾಡಿನ ಒಂದು ಊರಿನಿಂದ ಬಂದ ಓಲೆಯ ಜಾಡೇ ಬೇರೆ. ಇಲಿಯನ್ನು ಮನೆಯೊಳಗೆ ಉಳಿಸಿಕೊಳ್ಳುವುದು ಹೇಗೆ ಎಂದು ಒಬ್ಬ ತಾಯಿ ಕೇಳಿದ್ದಾರೆ.

ಅವರ ಹನ್ನೊಂದು ವರ್ಷದ ಮಗ, ಅಜ್ಜ ತೀರಿಕೊಂಡ ಮೇಲೆ ಮಂಕಾಗಿ, ಊಟಕ್ಕೆ ಕರೆದರೂ ಮಾತನಾಡದೆ ಕುಳಿತುಬಿಡುತ್ತಿದ್ದನಂತೆ. ಬೇಸಗೆಯ ರಜೆಯಲ್ಲಿ ಬಂದ ಸೋದರಮಾವ ಬೆಂಗಳೂರಿನಿಂದ ನಾಲ್ಕು ಬಿಳಿ ಇಲಿಗಳನ್ನು ತಂದುಕೊಟ್ಟರು. ನಾಲ್ಕೂ ಗಂಡೆಂದು ಮಾರಿದವನು ಹೇಳಿದ್ದ. ಹುಡುಗ ಅವುಗಳಿಗೆ ಹೆಸರಿಟ್ಟ. ಅವುಗಳ ಆಟಪಾಠಗಳನ್ನು ಮನೆಮಂದಿಗೆಲ್ಲ ವರ್ಣಿಸತೊಡಗಿದ. ಮನೆಯಲ್ಲಿ ಮತ್ತೆ ಅವನ ದನಿ ಕೇಳಿಬಂತು. ಮೀನು ಸಾಕಿದ್ದ ಹಳೆಯ ಗಾಜಿನ ತೊಟ್ಟಿಯೊಂದು ನಡುಮನೆಯ ಮೂಲೆಯಲ್ಲಿ ಇಲಿಗಳ ಅರಮನೆಯಾಯಿತು. ಮುಂಗಾರು ಹಿಡಿಯುವವರೆಗೆ ಎಲ್ಲವೂ ಸುಸೂತ್ರವಾಗಿತ್ತು. ಮಳೆ ಹಿಡಿದದ್ದೇ ತಡ, ಮೂಗು ಮುಚ್ಚಿಕೊಳ್ಳುವಂಥ ವಾಸನೆ ಮನೆಯನ್ನು ತುಂಬಿತು. ಪಕ್ಕದಲ್ಲಿಯೇ ದೇವರ ಕೋಣೆ; ಅತ್ತೆಯವರಿಗೆ ಜಪಕ್ಕೆ ಕೂರುವುದೂ ಕಷ್ಟವಾಯಿತು. “ಬರುವ ಭಾನುವಾರ ಇವನ್ನು ಗದ್ದೆಯ ಕಡೆ ಬಿಟ್ಟು ಬರುತ್ತೇನೆ” ಎಂದು ಯಜಮಾನರು ತೀರ್ಪು ಕೊಟ್ಟರು.

ತಾಯಿ ಸುಮ್ಮನೆ ಕೂರಲಿಲ್ಲ. ದಿನವೂ ಬೆಳಿಗ್ಗೆ ತೊಟ್ಟಿಯನ್ನು ಬರಿದುಮಾಡಿ, ಫಿನಾಯಿಲಿನಿಂದ ತೊಳೆದು, ಬಡಗಿಯ ಅಂಗಡಿಯ ಮರದ ಹೊಟ್ಟನ್ನು ಹೊಸದಾಗಿ ಹರಡಿ, ಪಕ್ಕದಲ್ಲಿ ನುಸಿಗುಳಿಗೆಗಳನ್ನಿಟ್ಟು, ಸಂಜೆ ಸಾಂಬ್ರಾಣಿಯ ಹೊಗೆಯನ್ನೂ ಹಾಕುತ್ತಿದ್ದಾರೆ. “ತೊಳೆದಷ್ಟೂ ವಾಸನೆ ಹೆಚ್ಚುತ್ತಿದೆ, ಮೊನ್ನೆಯಿಂದ ಇಲಿಗಳು ಕಚ್ಚಾಡುತ್ತಿವೆ, ಒಂದರ ಬೆನ್ನಿನಲ್ಲಿ ಗಾಯವಾಗಿದೆ. ಮಗನಿಗೆ ತೋರಿಸದೆ ಮರೆಮಾಡಿದ್ದೇನೆ. ನಾನು ಎಲ್ಲಿ ತಪ್ಪಿದೆ?” ಎಂದು ಕೇಳಿದ್ದಾರೆ. ಕೊನೆಯಲ್ಲಿ ಸಹಿಯ ಕೆಳಗೆ ಇನ್ನೊಂದು ಸಾಲು: “ಚಿಕ್ಕವಳಿಗೆ ಈ ಸಲ ಮಳೆಗಾಲದಲ್ಲಿ ಉಬ್ಬಸ ಕಾಣಿಸಿಕೊಂಡುದರಿಂದ ಓಲೆ ಬರೆಯುವುದು ತಡವಾಯಿತು.” ಈ ಸಾಲಿಗೆ ಆಮೇಲೆ ಬರುತ್ತೇವೆ. ಬಂದೇ ಬರಬೇಕು.

ಮೊದಲು ಭಾನುವಾರದ ತೀರ್ಪಿನ ಮಾತು. ಪೆಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಬಿಳಿ ಇಲಿ ಗದ್ದೆಯ ಇಲಿಯಲ್ಲ. ಅದಕ್ಕೆ ಬಿಲ ತೋಡಿ ಬದುಕಿದ ಅನುಭವವಿಲ್ಲ, ಹದ್ದಿನ ನೆರಳನ್ನು ಕಂಡು ಅಡಗುವ ಅಭ್ಯಾಸವಿಲ್ಲ. ಹಸುರಿನ ನಡುವೆ ಅದರ ಬಿಳಿ ಬಣ್ಣವೇ ಅದರ ಶತ್ರು. ಬಿಟ್ಟುಬರುವುದೆಂದರೆ ಮಲೆನಾಡಿನ ಮಳೆಗೂ ಬೆಕ್ಕಿನ ಬಾಯಿಗೂ ಒಪ್ಪಿಸಿದಂತೆಯೇ. ಇಲಿಗೆ ಪ್ರಾಣಸಂಕಟ, ಬೆಕ್ಕಿಗೆ ಚೆಲ್ಲಾಟ ಎಂಬ ಗಾದೆಯನ್ನು ಮಗನ ಕಣ್ಣೆದುರಿಗೆ ನಿಜಮಾಡಿ ತೋರಿಸಬೇಕಾದ ಅಗತ್ಯವೇನೂ ಇಲ್ಲ. ಇಟ್ಟುಕೊಳ್ಳಲಾಗದ ಪಕ್ಷಕ್ಕೆ ಇನ್ನೊಂದು ಮನೆಗೆ ಕೊಡಬಹುದು. ಆದುದರಿಂದ ಯಜಮಾನರಲ್ಲಿ ನಮ್ಮ ಬಿನ್ನಹ: ತೀರ್ಪನ್ನು ಮೂರು ವಾರ ಮುಂದಕ್ಕೆ ಹಾಕಿ.

ಈ ಸಂಕಟ ಇವರ ಮನೆಯದು ಮಾತ್ರವಲ್ಲ. ಇಲಿ ಸಾಕುವ ಹವ್ಯಾಸ ಬಹಳ ಹಳೆಯದು. ಜಪಾನಿನಲ್ಲಿ 1787ರಷ್ಟು ಹಿಂದೆಯೇ ಬಣ್ಣಬಣ್ಣದ ಇಲಿಗಳನ್ನು ಸಾಕಿ ಬೆಳೆಸುವ ಬಗೆಗೆ ಒಂದು ಪುಸ್ತಕವೇ ಅಚ್ಚಾಯಿತು. ಇಂಗ್ಲೆಂಡಿನಲ್ಲಿ 1895ರಲ್ಲಿ ಇಲಿ ಸಾಕುವವರ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಗ್ರ್ಯಾನ್‌ಬಿ ಎಂಬ ಸಣ್ಣ ಊರಿನಲ್ಲಿ ಅಬ್ಬಿ ಲ್ಯಾಥ್ರಾಪ್ ಎಂಬ ಮಹಿಳೆ ಇದ್ದರು. ಶಾಲೆಯ ಉಪಾಧ್ಯಾಯಿನಿಯಾಗಿದ್ದು, ಅನಂತರ ಕೋಳಿ ಸಾಕಣೆಯಲ್ಲಿ ಕೈಸುಟ್ಟುಕೊಂಡು, 1900ರ ಸುಮಾರಿಗೆ ಇಲಿಗಳನ್ನು ಸಾಕಿ ಮಾರತೊಡಗಿದರು. ಒಂದು ಕಾಲಕ್ಕೆ ಅವರ ಬಳಿ ಹತ್ತು ಸಾವಿರಕ್ಕೂ ಮಿಕ್ಕಿ ಇಲಿಗಳಿದ್ದವು. ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲಿರುವ ಇಲಿಗಳ ಕೆಲವು ಪ್ರಸಿದ್ಧ ವಂಶಗಳ ಮೂಲ ಅಲ್ಲಿಯೇ ಇದೆ. ಅಷ್ಟು ಇಲಿಗಳ ಪೆಟ್ಟಿಗೆಗಳನ್ನು ಶುಚಿಮಾಡುವುದಕ್ಕೆ ಆಕೆ ಊರಿನ ಮಕ್ಕಳಿಗೆ ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದರು. ನಾಲ್ಕು ಇಲಿಗಳ ಪೆಟ್ಟಿಗೆಗೆ ಹನ್ನೊಂದು ವರ್ಷದ ಹುಡುಗನೊಬ್ಬ ಸಾಕು. ಕೆಲಸದ ಕ್ರಮ ಮಾತ್ರ ತಿಳಿದಿರಬೇಕು.

ಕ್ರಮ ತಿಳಿಯಬೇಕಾದರೆ, ಪೆಟ್ಟಿಗೆಯಿಂದ ಬರುವುದು ಒಂದು ವಾಸನೆಯಲ್ಲ, ಎರಡು ಎಂಬುದನ್ನು ಮೊದಲು ಅರಿಯಬೇಕು. ಎರಡನ್ನೂ ಒಂದೇ ಎಂದೆಣಿಸಿದುದೇ ನಮ್ಮ ಸೋದರಿ ಎಡವಿದ ಸ್ಥಳ.

ಮೊದಲನೆಯದು ಅಮೋನಿಯ. ಕಣ್ಣಿಗೆ ಚುರುಗುಟ್ಟುವ, ಗಂಟಲಿಗೆ ಅಡರುವ ಘಾಟು ಅದು. ಹೊಲಕ್ಕೆ ಹಾಕುವ ಯೂರಿಯ ಗೊಬ್ಬರದ ಹೆಸರು ಕೇಳದವರಿಲ್ಲ. ಆ ಯೂರಿಯವೇ ಪ್ರಾಣಿಗಳ ಮೂತ್ರದಲ್ಲಿಯೂ ಇರುತ್ತದೆ. ಹೊಸ ಮೂತ್ರದಲ್ಲಿ ಈ ಘಾಟು ಅಷ್ಟಾಗಿ ಇಲ್ಲ. ತೇವವಾದ ಹಾಸಿನಲ್ಲಿ ಸೂಕ್ಷ್ಮಾಣುಗಳು ಬೆಳೆದು ಯೂರಿಯವನ್ನು ಒಡೆದಾಗ ಅಮೋನಿಯ ಹೊರಡುತ್ತದೆ. ಒಂದು ಇಲಿ ದಿನಕ್ಕೆ ವಿಸರ್ಜಿಸುವುದು 1ರಿಂದ 2 ಮಿಲಿಲೀಟರ್ ಮಾತ್ರ. ನಾಲ್ಕು ಇಲಿಗಳದು ಸೇರಿದರೂ ಸುಮಾರು ಒಂದು ಚಹಾ ಚಮಚೆಯಷ್ಟು. ಆದರೆ ಅದು ಬಹಳ ಗಾಢವಾದುದು. ಬೇಸಗೆಯಲ್ಲಿ ಅದು ಬೇಗ ಒಣಗಿಹೋಗುತ್ತಿತ್ತು, ಮಳೆಗಾಲದಲ್ಲಿ ಒಣಗುವುದಿಲ್ಲ. ಇಲಿಗಳು ಬದಲಾಗಲಿಲ್ಲ, ಹವೆ ಬದಲಾಯಿತು. ಮಲೆನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಕೊಟ್ಟಿಗೆಗೆ ಒಣ ಎಲೆ, ಸೊಪ್ಪು ಹಾಸುವುದನ್ನು ಎರಡು ದಿನ ತಪ್ಪಿಸಿದರೆ ಏನಾಗುತ್ತದೆಂಬುದು ಅವರಿಗೆ ಗೊತ್ತು. ಇಲಿಯ ಪೆಟ್ಟಿಗೆಯೂ ಒಂದು ಅಂಗೈಯಗಲದ ಕೊಟ್ಟಿಗೆಯೇ.

ಎರಡನೆಯದು ಇಲಿಯ ಸ್ವಂತ ವಾಸನೆ, ಅದರಲ್ಲಿಯೂ ಗಂಡಿನದು. ಇದು ಕೊಳೆಯಲ್ಲ, ಇಲಿಗಳ ಓಲೆ. ಕತ್ತಲೆಯಲ್ಲಿ ಬದುಕುವ ಈ ಪ್ರಾಣಿಗೆ ಕಣ್ಣಿಗಿಂತ ಮೂಗೇ ಮುಖ್ಯ. ಗಂಡಿಲಿ ತಾನು ಓಡಾಡುವ ದಾರಿಯುದ್ದಕ್ಕೂ ಮೂತ್ರದ ಸಣ್ಣ ಸಣ್ಣ ಬಿಂದುಗಳನ್ನಿಟ್ಟು, “ಇದು ನನ್ನ ಮನೆ, ನಾನು ಇಂಥವನು” ಎಂದು ಬರೆಯುತ್ತ ಹೋಗುತ್ತದೆ. ಆ ಮೂತ್ರದಲ್ಲಿ ಕೆಲವು ವಿಶೇಷ ಪ್ರೋಟೀನುಗಳಿವೆ. ಅತ್ತರಿನಲ್ಲಿ ಅದ್ದಿದ ಹತ್ತಿಯನ್ನು ಕಿವಿಯಲ್ಲಿಟ್ಟುಕೊಂಡರೆ ದಿನವೆಲ್ಲ ಸುವಾಸನೆ ಬರುತ್ತಿರುವಂತೆ, ಈ ಪ್ರೋಟೀನುಗಳು ವಾಸನೆಯ ಕಣಗಳನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತಿರುತ್ತವೆ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಜೇನ್ ಹರ್ಸ್ಟ್ ಮತ್ತು ಸಂಗಡಿಗರು ಇವುಗಳಲ್ಲಿ ಹೆಣ್ಣಿಲಿಯ ಮನಸ್ಸನ್ನು ಸೆಳೆಯುವ ಒಂದನ್ನು ಗುರುತಿಸಿ, 2010ರಲ್ಲಿ ಅದಕ್ಕೆ ‘ಡಾರ್ಸಿನ್’ ಎಂದು ಹೆಸರಿಟ್ಟರು. ಜೇನ್ ಆಸ್ಟೆನ್ ಅವರು 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ನಾಯಕ ಡಾರ್ಸಿಯ ಹೆಸರು ಅದು! ಈ ಪತ್ರಿಕೆಯ ಧಾರಾವಾಹಿಗಳಲ್ಲಿ ವಾರವಾರವೂ ಬರುವ ನಾಯಕರು ಓಲೆ ಬರೆದು ಸಾಧಿಸುವುದನ್ನು ಗಂಡಿಲಿ ಒಂದು ಬಿಂದುವಿನಿಂದ ಸಾಧಿಸುತ್ತದೆ.

ಈಗ ದಿನವೂ ತೊಳೆಯುವ ಕೆಲಸ ಏಕೆ ತಿರುಗುಬಾಣವಾಯಿತೆಂಬುದು ತಿಳಿಯುತ್ತದೆ. ಸೋದರಿಯವರು ಬೆಳಿಗ್ಗೆ ತೊಟ್ಟಿಯನ್ನು ತೊಳೆದಾಗ ಇಲಿಗಳು ಬರೆದಿಟ್ಟ ಓಲೆಗಳೆಲ್ಲ ಅಳಿಸಿಹೋದವು. ತಮ್ಮ ಮನೆಯೇ ತಮಗೆ ಪರಸ್ಥಳವಾಯಿತು. ನಾಲ್ಕು ಗಂಡುಗಳೂ ಆ ಕ್ಷಣದಿಂದಲೇ ಮತ್ತೆ ಬರೆಯತೊಡಗಿದವು, ಮೊದಲಿಗಿಂತ ಹೆಚ್ಚಾಗಿ. ಯಾರು ಹಿರಿಯ, ಯಾರು ಕಿರಿಯ ಎಂಬ ತೀರ್ಮಾನವನ್ನೂ ಮೊದಲಿನಿಂದ ಮಾಡಿಕೊಳ್ಳಬೇಕಾಯಿತು, ಕಚ್ಚಾಟ ಹುಟ್ಟಿತು. ಹಾಲೆಂಡಿನ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪಂಜರ ಬದಲಾಯಿಸುವಾಗ ಗಂಡಿಲಿಗಳ ಗೂಡಿನ ಸಾಮಗ್ರಿಯನ್ನು ಹೊಸ ಪಂಜರಕ್ಕೆ ಸಾಗಿಸಿದರೆ ಜಗಳ ತಗ್ಗಿತು. ಮೂತ್ರ ಬಿದ್ದ ಹೊಟ್ಟನ್ನು ಸಾಗಿಸಿದರೆ ಜಗಳ ಹೆಚ್ಚಿತು. ನಮ್ಮ ಇಡೀ ಉಪಾಯದ ಬೀಜ ಇದರಲ್ಲಿದೆ: ಒದ್ದೆಯಾದ ಹಾಸನ್ನು ತೆಗೆಯಿರಿ, ಒಣಗಿದ ಗೂಡನ್ನು ಉಳಿಸಿ. ಅಮೋನಿಯ ಹೋಗಲಿ, ಇಲಿಯ ಗುರುತು ಇರಲಿ.

ಇನ್ನು ವಾಸನೆಯನ್ನು ವಾಸನೆಯಿಂದ ಹೊಡೆಯುವ ಮಾತು. ಫಿನಾಯಿಲು ನಮ್ಮ ಬಚ್ಚಲಿಗೆ ಸರಿ. ಮೂವತ್ತು ಗ್ರಾಂ ತೂಕದ ಪ್ರಾಣಿ ಹೊಟ್ಟೆಯೂರಿ ಮಲಗುವ ನೆಲಕ್ಕೆ ಅದು ವಿಷ. ನುಸಿಗುಳಿಗೆಯ ಆವಿ ರಕ್ತಕ್ಕೇ ಕೇಡು. ಇಲಿಗೆ ಮಾತ್ರವಲ್ಲ, ಎಳೆಯ ಮಕ್ಕಳಿಗೂ. ಸಾಂಬ್ರಾಣಿ, ಊದುಬತ್ತಿ, ಕರ್ಪೂರ, ಅತ್ತರುಗಳೂ ಪೆಟ್ಟಿಗೆಯ ಬಳಿ ಬೇಡ. ಅವು ಅಮೋನಿಯವನ್ನು ಕಳೆಯುವುದಿಲ್ಲ. ನಮ್ಮ ಮೂಗನ್ನು ಮರೆಸುತ್ತವೆ, ಅಷ್ಟೆ. ಮರದ ಹೊಟ್ಟಿನ ಪರಿಮಳವೂ ನಂಬತಕ್ಕದ್ದಲ್ಲ. ಅಮೆರಿಕದಲ್ಲಿ ಸುವಾಸನೆಗೆಂದು ಕೆಂಪು ಸೀಡರ್ ಮರದ ಹೊಟ್ಟನ್ನು ಇಲಿಗಳಿಗೆ ಹಾಸುತ್ತಿದ್ದರು. ಆ ಹೊಟ್ಟಿನಲ್ಲಿ ಮಲಗಿದ ಇಲಿಗಳ ಯಕೃತ್ತಿನ ಕೆಲಸವೇ ಬದಲಾಗುತ್ತದೆಂದು 1967ರಲ್ಲಿ ಎಲಿಯಟ್ ವೆಸೆಲ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ನಮಗೆ ಹಿತವಾದ ಗಂಧ ಇಲಿಯ ಒಡಲಿಗೆ ಒಂದು ಹೊರೆಯಾಗಿತ್ತು. ಬಡಗಿಯ ಅಂಗಡಿಯ ಹೊಟ್ಟಿನಲ್ಲಂತೂ ಯಾವ ಮರದ್ದು, ಯಾವ ಅಂಟು, ಯಾವ ಬಣ್ಣ ಬೆರೆತಿದೆಯೆಂದು ಹೇಳುವವರಾರು? ಅದರ ನವುರಾದ ಧೂಳೂ ಉಸಿರಿಗೆ ಕೆಟ್ಟದ್ದು. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿಯಿಟ್ಟರೆಂಬ ಗಾದೆ ಹಳೆಯದು. ಇಲಿಯ ಮೇಲಿನ ಪ್ರೀತಿಗೆ ಮನೆಗೆ ಹೊಗೆ ಹಾಕುವುದೂ ಅದಕ್ಕೆ ಬಹಳ ದೂರವಲ್ಲ.

ಹಾಗಾದರೆ ಹಾಸುವುದು ಏನನ್ನು? ತೇವವನ್ನು ಚೆನ್ನಾಗಿ ಹೀರುವ, ಧೂಳು ಕಡಮೆಯಾದ, ಗಂಧವಿಲ್ಲದ ವಸ್ತು ಬೇಕು. ಸಾಕುಪ್ರಾಣಿಗಳ ಅಂಗಡಿಯಲ್ಲಿ ದೊರೆಯುವ ಕಾಗದದ ಹಾಸು ಉತ್ತಮ. ಮನೆಯಲ್ಲಿಯೇ ಆಗಬೇಕಾದರೆ ಅಚ್ಚಾಗದ ಒರಟು ಕಾಗದವನ್ನೂ ಬಣ್ಣವಿಲ್ಲದ ಕಂದು ರಟ್ಟನ್ನೂ ಸಣ್ಣಗೆ ಹರಿದು ಹಾಸಬಹುದು. ಈ ಪತ್ರಿಕೆಯ ಹಳೆಯ ಸಂಚಿಕೆಗಳು ಆಗಬಹುದೆ ಎಂದು ದಯವಿಟ್ಟು ಕೇಳಬೇಡಿ. ಸಂಪಾದಕರ ಅಭಿಮಾನದ ಪ್ರಶ್ನೆ ಹಾಗಿರಲಿ; ಬಣ್ಣದ ಚಿತ್ರಗಳ ನುಣುಪು ಕಾಗದ ನೀರನ್ನು ಹೀರುವುದಿಲ್ಲ. ಬತ್ತದ ಹೊಟ್ಟನ್ನು ನಮ್ಮ ದೇಶದ ಪ್ರಯೋಗಶಾಲೆಗಳಲ್ಲಿ ಶಾಖದಿಂದ ಶುದ್ಧಿಮಾಡಿ ಬಳಸುವುದುಂಟು. ಆದರೆ ಅದು ಹೀರುವುದು ಕಡಮೆ, ಧೂಳು ಹೆಚ್ಚು. ಗಿರಣಿಯಿಂದ ತಂದುದನ್ನು ಹಾಗೆಯೇ ಹಾಸಿದರೆ ಊರ ಇಲಿಗಳ ರೋಗವೂ ಜೊತೆಗೆ ಬಂದೀತು. ಉಸಿರಿನ ತೊಂದರೆಯಿರುವ ಮನೆಗೆ ಅದು ಬೇಡ. ಹಾಸು ಎರಡು ಮೂರು ಅಂಗುಲ ದಪ್ಪವಿರಲಿ. ಜಿಪುಣತನದಿಂದ ತೆಳ್ಳಗೆ ಹಾಸಿದರೆ ತಳ ಒದ್ದೆಯಾಗಿ ನಿಲ್ಲುತ್ತದೆ. ಬಿಸಿಲು ಬಿದ್ದ ದಿನ ಕಾಗದವನ್ನು ಚೆನ್ನಾಗಿ ಒಣಗಿಸಿ, ಮುಚ್ಚಳವಿರುವ ಡಬ್ಬದಲ್ಲಿ ತುಂಬಿಟ್ಟುಕೊಳ್ಳಬೇಕು. ಹಪ್ಪಳ ಸಂಡಿಗೆಗಳನ್ನು ಮಳೆಗಾಲಕ್ಕೆ ಕಾಪಾಡುವ ಗೃಹಿಣಿಯರಿಗೆ ಇದು ಹೊಸ ವಿದ್ಯೆಯಲ್ಲ.

ಪೆಟ್ಟಿಗೆಯ ವಿಷಯ. ಆಳವಾದ ಗಾಜಿನ ತೊಟ್ಟಿಯೊಳಗೆ ಗಾಳಿ ಸುಳಿಯುವುದಿಲ್ಲ. ಮರದ ಹಲಗೆಯಿಂದ ಮುಚ್ಚಿದ್ದರೆ ಅದನ್ನು ಈ ದಿನವೇ ತೆಗೆದು ತಂತಿಬಲೆಯ ಮುಚ್ಚಳ ಹಾಕಿಸಬೇಕು. ಬಲೆಯ ಕಣ್ಣಿನಲ್ಲಿ ಪೆನ್ಸಿಲು ತೂರಬಾರದು. ಪೆನ್ಸಿಲು ತೂರಿದರೆ ಮರಿಯಿಲಿಯೂ ತೂರೀತು. ಸಾಧ್ಯವಾದರೆ ತಳ ಪ್ಲಾಸ್ಟಿಕ್ಕಿನದೂ ಮೇಲ್ಭಾಗ ತಂತಿಯದೂ ಆದ ಅಗಲವಾದ ಪಂಜರವೇ ಮೇಲು. ಮರದ ಪೆಟ್ಟಿಗೆ ಬೇಡ. ಮರ ಮೂತ್ರವನ್ನು ಕುಡಿದು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಪಂಜರಕ್ಕೆ ಗಾಳಿಯಾಡುವ ಜಾಗ ಬೇಕು, ಆದರೆ ಮಳೆಯ ಇರಚಲಾಗಲಿ ನೇರ ಶೀತಗಾಳಿಯಾಗಲಿ ತಾಗಬಾರದು.

ಇನ್ನು ಕೆಲಸದ ಕ್ರಮ. ದಿನವೂ: ಇಲಿಗಳು ಸಾಮಾನ್ಯವಾಗಿ ಒಂದೆರಡು ಮೂಲೆಗಳನ್ನೇ ಮೂತ್ರಕ್ಕೆ ಆರಿಸಿಕೊಳ್ಳುತ್ತವೆ. ಆ ಮೂಲೆಯ ಒದ್ದೆ ಹಾಸನ್ನು ಒಂದು ಹಳೆಯ ಚಮಚೆಯಿಂದ ತೋಡಿ ತೆಗೆದು, ಅಷ್ಟೇ ಹೊಸದನ್ನು ಹಾಕುವುದು. ಐದು ನಿಮಿಷದ ಕೆಲಸ. ಎರಡು ಮೂರು ದಿನಕ್ಕೊಮ್ಮೆ: ಓಡುವ ಚಕ್ರ, ಏಣಿ, ಅಟ್ಟಣೆಗಳನ್ನು ಬಿಸಿನೀರಿನಲ್ಲಿ ತೊಳೆಯುವುದು. ಇಲಿ ಓಡುತ್ತ ಓಡುತ್ತಲೇ ಬರೆಯುವ ಪ್ರಾಣಿಯಾದುದರಿಂದ, ಹಾಸು ಶುಚಿಯಾಗಿದ್ದರೂ ಚಕ್ರದ ವಾಸನೆ ಮನೆ ತುಂಬುವುದುಂಟು. ಬಹುಮಂದಿ ಇದನ್ನು ಮರೆಯುತ್ತಾರೆ. ವಾರಕ್ಕೊಮ್ಮೆ: ಅರ್ಧಕ್ಕಿಂತ ಹೆಚ್ಚು ಹಾಸನ್ನು ಬದಲಿಸುವುದು, ಗೂಡಿನ ಒಣಗಿದ ಒಂದು ಹಿಡಿಯನ್ನು ಮಾತ್ರ ಹಾಗೆಯೇ ಉಳಿಸುವುದು. ಮೂರು ನಾಲ್ಕು ವಾರಕ್ಕೊಮ್ಮೆ: ಪೆಟ್ಟಿಗೆಯನ್ನು ಪೂರ್ತಿ ತೊಳೆದು, ಒರಸಿ, ಒಣಗಿಸಿ, ಆ ಗೂಡಿನ ಹಿಡಿಯನ್ನು ಮರಳಿ ಅದರ ಸ್ಥಳದಲ್ಲಿಡುವುದು. ಮಳೆಗಾಲದಲ್ಲಿ ಘಾಟು ಬೇಗ ಹುಟ್ಟಿದರೆ ಒದ್ದೆ ಹಾಸನ್ನು ಹೆಚ್ಚು ಸಲ ತೆಗೆಯಿರಿ. ಪೂರ್ತಿ ತೊಳೆಯುವ ಸರದಿಯನ್ನು ಹೆಚ್ಚಿಸಬೇಡಿ. ತೆಗೆದ ಹಾಸನ್ನು ತಿಪ್ಪೆಗೋ ಹೂವಿನ ಗಿಡದ ಗುಂಡಿಗೋ ಹಾಕಬಹುದು. ತರಕಾರಿಯ ಪಾತಿಗೆ ಬೇಡ.

ತೊಳೆಯುವುದಕ್ಕೆ ಬಿಸಿನೀರೂ ಸ್ವಲ್ಪ ಸಾಬೂನೂ ಸಾಕು. ಗಾಜಿನ ಮೇಲೆ ಬೆಳ್ಳಗೆ ಕಟ್ಟಿದ ಮೂತ್ರದ ಕರೆಗೆ ನಿಂಬೆಯ ಹೋಳನ್ನು ತಿಕ್ಕಿ, ಅಥವಾ ನೀರು ಬೆರೆಸಿದ ವಿನಿಗರ್ ಸವರಿ ಹತ್ತು ನಿಮಿಷ ಬಿಡಿ. ಅಮೋನಿಯ ಕ್ಷಾರ, ಹುಳಿ ಅದನ್ನು ತಣಿಸುತ್ತದೆ. ಹುಣಸೆಹುಳಿಯಿಂದ ಹಿತ್ತಾಳೆಯ ಪಾತ್ರೆ ಬೆಳಗುವ ಮನೆಗಳಲ್ಲಿ ಹುಳಿಯ ಗುಣವನ್ನು ಯಾರೂ ಕಲಿಸಬೇಕಾಗಿಲ್ಲ. ಆಮೇಲೆ ಬರಿಯ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕು. ಒಂದು ಎಚ್ಚರಿಕೆ: ಮೂತ್ರ ನೆನೆದ ಪೆಟ್ಟಿಗೆಯ ಮೇಲೆ ಬ್ಲೀಚಿಂಗ್ ಪುಡಿಯನ್ನಾಗಲಿ ಬ್ಲೀಚಿನ ದ್ರವವನ್ನಾಗಲಿ ಎಂದಿಗೂ ಸುರಿಯಕೂಡದು. ಅದು ಅಮೋನಿಯದೊಡನೆ ಸೇರಿ ಪುಪ್ಫುಸಕ್ಕೆ ಅಪಾಯಕರವಾದ ಅನಿಲವಾಗುತ್ತದೆ. ಹುಳಿಯನ್ನೂ ಬ್ಲೀಚನ್ನೂ ಕೂಡಿಸುವುದು ಅಷ್ಟೇ ಅಪಾಯ.

ಆಹಾರವೂ ವಾಸನೆಗೆ ಕಾರಣವಾಗಬಲ್ಲುದು. ಇಲಿ ದಿನಕ್ಕೆ ತಿನ್ನುವುದು ಮೂರರಿಂದ ಐದು ಗ್ರಾಂ. ಪ್ರೀತಿಯಿಂದ ಹಿಡಿ ಹಿಡಿ ಹಾಕಿದರೆ ಮಿಕ್ಕುದನ್ನು ಅದು ಹಾಸಿನಡಿ ಬಚ್ಚಿಡುತ್ತದೆ. ಅದು ಅಲ್ಲಿಯೇ ಬೂಷ್ಟು ಹಿಡಿಯುತ್ತದೆ. ಗೋಧಿ, ನವಣೆ, ಓಟ್ಸ್ ಮುಂತಾದ ಒಣ ಧಾನ್ಯವೂ ಇಲಿಗಳಿಗೆಂದೇ ತಯಾರಾದ ಆಹಾರವೂ ಇರಲಿ. ಮೊಟ್ಟೆ, ಕಡಲೆಕಾಯಿಬೀಜ ಅಪರೂಪವಾಗಿ ಸಾಕು. ದೇಹಕ್ಕೆ ಮಿಕ್ಕ ಪ್ರೋಟೀನೆಲ್ಲ ಕೊನೆಗೆ ಯೂರಿಯವಾಗಿಯೇ ಹೊರಬರುವುದು. ಸೌತೆ, ಕ್ಯಾರೆಟ್ಟಿನ ಹೋಳುಗಳನ್ನು ಕೊಟ್ಟರೆ ಕೆಲವು ಗಂಟೆಗಳೊಳಗೆ ಮಿಕ್ಕುದನ್ನು ತೆಗೆದುಬಿಡಬೇಕು. ನೀರಿನ ಸೀಸೆ ತೊಟ್ಟಿಕ್ಕುತ್ತಿದೆಯೇ ಎಂದು ನೋಡಿ. ಎಷ್ಟೋ ಮನೆಗಳಲ್ಲಿ ಇಲಿಯ ತಪ್ಪೆಂದು ಎಣಿಸಿದುದು ಸೀಸೆಯ ತಪ್ಪಾಗಿರುತ್ತದೆ.

ನಾಲ್ಕೂ ಗಂಡೆಂದು ಮಾರಿದವನು ಹೇಳಿದುದು ನಿಜವೇ ಇರಬೇಕು. ಅವುಗಳಲ್ಲಿ ಒಂದು ಹೆಣ್ಣಾಗಿದ್ದಲ್ಲಿ ಬೇಸಗೆಯಿಂದ ಇಂದಿನವರೆಗೆ ಮನೆ ಮರಿಗಳಿಂದ ತುಂಬಿಹೋಗಬೇಕಾಗಿತ್ತು. ಇಲಿಯ ಗರ್ಭಕಾಲ ಮೂರು ವಾರ ಮಾತ್ರ. ಮರಿಗಳು ಆರು ವಾರಕ್ಕೇ ತಾವೂ ತಾಯಿತಂದೆಗಳಾಗಬಲ್ಲವು. ಆದರೆ ನಾಲ್ಕು ಗಂಡುಗಳು ಒಂದೇ ಸೂರಿನಡಿ ಇರುವುದೇ ವಾಸನೆಗೂ ಕಲಹಕ್ಕೂ ದೊಡ್ಡ ಕಾರಣ. ಒಡಹುಟ್ಟಿದ ಗಂಡುಗಳು ಕೆಲವೊಮ್ಮೆ ಹೊಂದಿಕೊಂಡು ಬಾಳುವುದುಂಟು. ರಕ್ತ ಬರುವಂತೆ ಕಚ್ಚಾಡಿದ ಮೇಲೆ ಮಾತ್ರ ಕೂಡಿಸಿಡುವುದು ಸಲ್ಲದು. ಗಾಯಗೊಂಡುದನ್ನು ಈ ದಿನವೇ ಬೇರೆ ಪಂಜರಕ್ಕೆ ಸಾಗಿಸಿ, ಪಶುವೈದ್ಯರಿಗೆ ತೋರಿಸಿ. ಇದನ್ನು ಮಗನಿಂದ ಮರೆಮಾಡಬೇಡಿ. ಅವನ ಇಲಿ, ಅವನಿಗೆ ತಿಳಿಯಲಿ. ಹೊಸದಾಗಿ ಸಾಕಬೇಕೆನ್ನುವ ವಾಚಕರಿಗೆ ಒಂದು ಮಾತು: ಎರಡು ಮೂರು ಹೆಣ್ಣಿಲಿಗಳನ್ನು ತನ್ನಿ. ಅವು ಒಂದರ ಜೊತೆಗೊಂದು ಅನ್ಯೋನ್ಯವಾಗಿರುತ್ತವೆ. ವಾಸನೆಯೂ ಬಹಳ ಕಡಮೆ.

ಎಲ್ಲವೂ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಮನೆಯವರ ಮೂಗು ನಂಬತಕ್ಕ ಸಾಕ್ಷಿಯಲ್ಲ. ಕೆಲವು ನಿಮಿಷಗಳಲ್ಲಿಯೇ ಅದು ಒಗ್ಗಿಹೋಗುತ್ತದೆ. ಹೊರಗಿನಿಂದ ಬಂದ ಕೂಡಲೆ ಪೆಟ್ಟಿಗೆಯ ಮುಚ್ಚಳ ತೆಗೆದು, ಹಾಸಿನ ಮಟ್ಟಕ್ಕೆ ಮುಖ ಬಗ್ಗಿಸಿ ನೋಡಿ. ಇಲಿಯ ಮೂಗು ಹಗಲಿರುಳೂ ಇರುವುದು ಅಲ್ಲಿಯೇ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 25 ಭಾಗಕ್ಕಿಂತ ಹೆಚ್ಚು ಅಮೋನಿಯವಿರುವ ಕಡೆ ಮನುಷ್ಯರು ಎಂಟು ಗಂಟೆ ಕೆಲಸ ಮಾಡಕೂಡದೆಂದು ಅಮೆರಿಕದ ಆರೋಗ್ಯ ಸಂಸ್ಥೆಯ ಸಲಹೆಯಿದೆ. ಇಲಿಗೆ ಎಂಟು ಗಂಟೆಯ ಅನಂತರ ಮನೆಗೆ ಹೋಗುವ ಸೌಕರ್ಯವಿಲ್ಲ. ಘಾಟು ನಿಮ್ಮ ಕಣ್ಣಿಗೆ ತಾಗಿದರೆ ಅದರ ಉಸಿರುನಾಳ ಆಗಲೇ ಕೆಟ್ಟಿರಬಹುದು. ಉಸಿರಾಡುವಾಗ ಟಿಕ್ ಟಿಕ್ ಎಂಬ ಸದ್ದು, ಮೈ ಕೂದಲು ನಿಮಿರಿ ನಿಂತಿರುವುದು, ಬಾಲದ ಬುಡ ಒದ್ದೆಯಾಗಿರುವುದು, ಎಂದಿನದಲ್ಲದ ಕೊಳೆತ ವಾಸನೆ, ಇವು ರೋಗದ ಚಿಹ್ನೆಗಳು. ಆಗ ತೊಳೆಯುತ್ತ ಕೂರದೆ ವೈದ್ಯರ ಬಳಿಗೆ ಒಯ್ಯಬೇಕು.

ಈಗ ಸಹಿಯ ಕೆಳಗಿನ ಸಾಲಿಗೆ ಬರೋಣ. ಸೋದರಿ, ನೀವು ಓಲೆ ತಡವಾದುದಕ್ಕೆ ಕಾರಣವಾಗಿ ಬರೆದ ಮಾತು ನಮಗೆ ಓಲೆಯ ಮುಖ್ಯ ವಿಷಯವಾಗಿ ಕಂಡಿತು. ಮೇಲೆ ಹೇಳಿದ ಮೂತ್ರದ ಪ್ರೋಟೀನುಗಳಿವೆಯಷ್ಟೆ, ಇಲಿಯ ಓಲೆಯನ್ನು ಹೊತ್ತು ತಿರುಗುವಂಥವು; ಅವೇ ಮನುಷ್ಯರಲ್ಲಿ ಕೆಲವರಿಗೆ ಒಗ್ಗದೆ ಉಬ್ಬಸ ತರುತ್ತವೆ. ಪ್ರಯೋಗಶಾಲೆಗಳಲ್ಲಿ ಇಲಿಗಳೊಡನೆ ಕೆಲಸ ಮಾಡುವವರಲ್ಲಿ ಈ ತೊಂದರೆ ಚೆನ್ನಾಗಿ ಪರಿಚಿತವಾದುದು. ಒಣಗಿದ ಹಾಸಿನ ಧೂಳಿನೊಡನೆ ಅವು ಗಾಳಿಯಲ್ಲಿ ತೇಲುತ್ತವೆ. ಮೂಗಿಗೆ ಏನೂ ತಿಳಿಯದಿರಬಹುದು. ಎಂದರೆ ವಾಸನೆ ಪೂರ್ತಿಯಾಗಿ ಹೋದ ಮಾತ್ರಕ್ಕೆ ಮಗುವಿನ ಉಸಿರಿಗೆ ಕ್ಷೇಮವೆಂದು ತಿಳಿಯಬಾರದು. ಸಾಂಬ್ರಾಣಿಯ ಹೊಗೆ, ಮರದ ಹೊಟ್ಟಿನ ಧೂಳು, ಫಿನಾಯಿಲಿನ ಘಾಟು ಇವೂ ಸೇರಿ ಆ ಎಳೆಯ ಎದೆಯ ಮೇಲೆ ಎಷ್ಟು ಭಾರ ಬಿದ್ದಿದೆಯೋ ಯೋಚಿಸಿ.

ಆದುದರಿಂದ ಉಳಿದೆಲ್ಲಕ್ಕಿಂತ ಮೊದಲು ಮಗುವನ್ನು ವೈದ್ಯರಿಗೆ ತೋರಿಸಿ. ಮನೆಯಲ್ಲಿ ಇಲಿಗಳಿವೆಯೆಂಬುದನ್ನೂ ಅವು ಬಂದ ತಿಂಗಳನ್ನೂ ತಪ್ಪದೆ ಹೇಳಿ. ಉಬ್ಬಸ ಮಳೆಯ ತೇವದ ಬೂಷ್ಟಿನಿಂದಲೂ ಬಂದಿರಬಹುದು, ಇಲಿಯಿಂದಲೂ ಬಂದಿರಬಹುದು. ಊಹಿಸುವ ಅಧಿಕಾರ ಅಂಕಣ ಬರೆಯುವವರಿಗೆ ಇಲ್ಲ. ಅಲ್ಲಿಯತನಕ ಪಂಜರ ನಡುಮನೆಯಲ್ಲಿ ಬೇಡ. ಮಗು ಮಲಗುವ, ಆಡುವ ಜಾಗದಿಂದ ದೂರವಾಗಿ, ಇರಚಲು ಬಡಿಯದ ಜಗಲಿಯ ಕೋಣೆಯಂಥ ಸ್ಥಳದಲ್ಲಿರಲಿ. ಹಾಸು ಬದಲಿಸುವುದನ್ನು ಹೊರಗೆ, ಮಗು ಇಲ್ಲದ ವೇಳೆಯಲ್ಲಿ, ಬಾಯಿಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಸ್ವಲ್ಪ ನೀರು ಚಿಮುಕಿಸಿ ಮಾಡಬೇಕು; ಕೂಡಲೆ ಕೈ ತೊಳೆದು, ಅಂಗಿ ಬದಲಿಸಬೇಕು. ಮನೆಯಲ್ಲಿ ಬಸುರಿಯರಿದ್ದರೆ ಅವರು ಈ ಕೆಲಸದ ಹತ್ತಿರವೂ ಸುಳಿಯಬಾರದು. ಇಲಿಗಳಿಂದ ಹರಡಬಲ್ಲ ಒಂದು ಬಗೆಯ ವೈರಸ್ ಗರ್ಭಸ್ಥ ಶಿಶುವಿಗೆ ಕೇಡು ಮಾಡಬಲ್ಲುದು.

ಇಲಿಗಳೇ ಕಾರಣವೆಂದು ವೈದ್ಯರು ಹೇಳಿದರೆ ಅವು ಬೇರೆ ಮನೆಗೆ ಹೋಗಬೇಕು. ಅದರಲ್ಲಿ ಎರಡು ಮಾತಿಲ್ಲ. ಆಗಲೂ ಗದ್ದೆಗಲ್ಲ, ಅಕ್ಕರೆಯಿಂದ ನೋಡಿಕೊಳ್ಳುವ ಒಬ್ಬ ಗೆಳೆಯನ ಮನೆಗೆ, ಹುಡುಗ ಆಗಾಗ ಹೋಗಿ ನೋಡಿಬರುವಷ್ಟು ಹತ್ತಿರಕ್ಕೆ. ಅದನ್ನು ಅವನಿಗೆ ರಾತ್ರೋರಾತ್ರಿ ಮಾಡಿ ತೋರಿಸಬೇಡಿ, ಕೂರಿಸಿಕೊಂಡು ಹೇಳಿ. ತಂಗಿಯ ಉಸಿರಿಗಾಗಿ ಬಿಟ್ಟುಕೊಟ್ಟೆನೆಂಬ ಸಮಾಧಾನವಾದರೂ ಅವನಿಗಿರಲಿ. ಅಜ್ಜನನ್ನು ಕಳೆದುಕೊಂಡ ಹುಡುಗ ಹೇಳದೆ ಕೇಳದೆ ಹೋದವರನ್ನು ಆಗಲೇ ಒಮ್ಮೆ ಕಂಡಿದ್ದಾನೆ.

ವೈದ್ಯರು ಹಾಗೆ ಹೇಳದಿದ್ದರೆ, ಫಿನಾಯಿಲಿನ ಡಬ್ಬವನ್ನು ಬಚ್ಚಲಿಗೆ ಹಿಂದಿರುಗಿಸಿ, ಚಮಚೆಯನ್ನು ಮಗನ ಕೈಗೆ ಕೊಡಿ. ಮೊದಲ ವಾರ ಹೆಚ್ಚಿನ ವ್ಯತ್ಯಾಸ ಕಾಣದಿರಬಹುದು. ಇಲಿಗಳು ತಮ್ಮ ಮನೆಯನ್ನು ಮತ್ತೆ ತಮ್ಮದೆಂದು ನಂಬುವುದಕ್ಕೆ ಅಷ್ಟು ಕಾಲ ಬೇಕು. ಮೂರನೆಯ ವಾರದ ಕೊನೆಯಲ್ಲಿ ಅತ್ತೆಯವರು ಜಪಕ್ಕೆ ಕುಳಿತೆದ್ದ ಮೇಲೆ ಅವರನ್ನೇ ಕೇಳಿ. ಅವರ ತೀರ್ಪೇ ಅಂತಿಮ. ಆಮೇಲೆ ಒಂದು ಕಾರ್ಡು ಬರೆಯಿರಿ. ಇಲಿಗಳ ವಿಷಯ ಒಂದು ಸಾಲು ಸಾಕು. ಚಿಕ್ಕವಳು ಹೇಗಿದ್ದಾಳೆಂಬುದನ್ನು ಈ ಸಲ ಸಹಿಯ ಮೇಲೆಯೇ ಬರೆಯಿರಿ.